ಆಲೂ ಟಿಕ್ಕಿಗೊಂದು ಬೀಡಿನ ಕಾವಲಿ: ಎಂಟು ತಿಂಗಳು ಬಳಸಿದ ಮೇಲೆ

ಈ ಸಲದ ಸಂಕ್ರಾಂತಿಯ ವಾರ ಮೈಸೂರಿನ ಸಂತೇಪೇಟೆಯಿಂದ ಒಂದು ಬೀಡಿನ, ಅಂದರೆ ಎರಕದ ಕಬ್ಬಿಣದ, ಕಾವಲಿ ತಂದೆ. 12 ಇಂಚು ಅಗಲ, ಚಪ್ಪಟೆ ತಳ, ಸುತ್ತ ಅರ್ಧ ಇಂಚಿನಷ್ಟು ಎದ್ದ ಅಂಚು, ಎರಡು ಕಡೆ ಕಿವಿ. ಮನೆಯ ತಕ್ಕಡಿಯಲ್ಲಿ ತೂಗಿದರೆ 3 ಕೆಜಿಗೆ ನೂರು ಗ್ರಾಂ ಕಡಿಮೆ. ಕೊಟ್ಟ ಬೆಲೆ 1,350 ರೂಪಾಯಿ. ದೋಸೆಗೆ ಅಂತ ತಂದದ್ದಲ್ಲ. ದೋಸೆಗೆ ನಮ್ಮತ್ತೆಯವರ ಕಾಲದ ಕಾವಲಿ ಇದೆ, ಅದರ ಮೇಲೆ ಬೇರೆ ಏನನ್ನೂ ಹಾಕಲು ನಾನು ಬಿಡುವುದಿಲ್ಲ. ಇದನ್ನು ತಂದದ್ದು ಆಲೂ ಟಿಕ್ಕಿಗೆ. ಎಂಟು ತಿಂಗಳಲ್ಲಿ ಕಡಿಮೆಯೆಂದರೂ ಮೂವತ್ತು ಸಲ ಇದರ ಮೇಲೆ ಟಿಕ್ಕಿ ಮಾಡಿದ್ದೇನೆ. ಹಾಗಾಗಿ ಬರೆಯುವಷ್ಟು ಅನುಭವ ಆಗಿದೆ ಅಂದುಕೊಂಡಿದ್ದೇನೆ.

ಟಿಕ್ಕಿಯ ಹುಚ್ಚು ಹತ್ತಿದ್ದು ದೆಹಲಿಯಲ್ಲಿ. 1998ರಿಂದ 2009ರವರೆಗೆ ನಾವು ರಾಮಕೃಷ್ಣಪುರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ದೆಹಲಿ ಕರ್ನಾಟಕ ಸಂಘದ ಕಟ್ಟಡ ಅಲ್ಲೇ, ರಾವ್ ತುಲಾರಾಮ್ ಮಾರ್ಗದಲ್ಲಿ. ಚಳಿಗಾಲದ ಸಂಜೆ ಸಂಘದಲ್ಲಿ ನಾಟಕವೋ ಸಂಗೀತವೋ ಮುಗಿಸಿಕೊಂಡು, ಶಾಲು ಹೊದ್ದು, ಮಗಳ ಕೈ ಹಿಡಿದು ಮನೆಗೆ ನಡೆಯುವಾಗ ಮಾರುಕಟ್ಟೆಯ ಮೂಲೆಯಲ್ಲಿ ಒಂದು ಟಿಕ್ಕಿ ಗಾಡಿ ನಿಂತಿರುತ್ತಿತ್ತು. ಅದರ ಮೇಲೆ ಎರಡಡಿ ಅಗಲದ ದಪ್ಪ ಕಬ್ಬಿಣದ ತವಾ. ನಡುವೆ ಸ್ವಲ್ಪ ತಗ್ಗು, ಆ ತಗ್ಗಿನಲ್ಲಿ ಡಾಲ್ಡಾ. ಅಂಚಿನುದ್ದಕ್ಕೂ ಅರ್ಧ ಬೆಂದ ಟಿಕ್ಕಿಗಳ ಸಾಲು. ಗಿರಾಕಿ ಬಂದು "ಕರಾರಾ ಕರ್‌ಕೇ ದೇನಾ ಭೈಯಾ" (ಗರಿಗರಿಯಾಗಿ ಮಾಡಿ ಕೊಡಿ ಅಣ್ಣ) ಅಂದ ಕೂಡಲೇ ಅಂಚಿನದೊಂದನ್ನು ನಡುವಿಗೆ ಎಳೆದು, ಚಪ್ಪಟೆ ಸಟ್ಟುಗದಿಂದ ಒತ್ತಿ, ಇನ್ನೊಂದು ಸಲ ಕಾಯಿಸಿ, ದೊನ್ನೆಗೆ ಹಾಕಿ ಮುರಿಯುತ್ತಿದ್ದರು. ಮುರಿಯುವ ಸದ್ದು ನಮಗೆ ಕೇಳುತ್ತಿತ್ತು. ಮೇಲೆ ಮೊಸರು, ಹಸಿರು ಚಟ್ನಿ, ಸೋಂಠ್ ಅಂತ ಕರೆಯುವ ಹುಣಸೆ ಬೆಲ್ಲದ ಕಪ್ಪು ಚಟ್ನಿ, ಒಂದು ಚಿಟಿಕೆ ಮೂಲಂಗಿ ತುರಿ. ಅಷ್ಟೆಲ್ಲ ಒದ್ದೆ ಸುರಿದ ಮೇಲೂ ಕೊನೆಯ ತುತ್ತಿನ ತನಕ ಹೊರಗಿನ ಪದರ ಗರಿಗರಿ ಅಂತಲೇ ಇರುತ್ತಿತ್ತು. ಚಾಂದನಿ ಚೌಕದ ಮೆಟ್ರೋ ಸ್ಟೇಷನ್ ಹತ್ತಿರದ ನಟರಾಜ್‌ನಲ್ಲಿ ಕೂಡ ಇದೇ ಗುಣ. 1940ರಿಂದ ನಡೆಯುತ್ತಿರುವ ಸಣ್ಣ ಅಂಗಡಿ, ಮಾರುವುದು ದಹಿ ಭಲ್ಲೆ (ಅಲ್ಲಿನ ಮೊಸರುವಡೆ) ಮತ್ತು ಆಲೂ ಟಿಕ್ಕಿ ಎರಡೇ. ಊರಿಂದ ಯಾರೇ ಬಂದರೂ ಕೆಂಪುಕೋಟೆ ತೋರಿಸಿದ ಮೇಲೆ ನಾನು ಕರೆದುಕೊಂಡು ಹೋಗುತ್ತಿದ್ದದ್ದು ಅಲ್ಲಿಗೇ.

ಮೈಸೂರಿಗೆ ಬಂದ ಮೇಲೆ ಹತ್ತು ಹದಿನಾಲ್ಕು ವರ್ಷ ನಾನ್‌ಸ್ಟಿಕ್ ತವಾದಲ್ಲಿ ಟಿಕ್ಕಿ ಮಾಡಿದೆ. ರುಚಿ ಬರುತ್ತಿತ್ತು, ಗರಿ ಬರುತ್ತಿರಲಿಲ್ಲ. ಹೊರಗೆ ತೆಳ್ಳನೆಯ ಹಳದಿ ಚರ್ಮದಂತೆ ಒಂದು ಪದರ, ತಟ್ಟೆಗೆ ಹಾಕಿ ಐದು ನಿಮಿಷಕ್ಕೆ ಅದೂ ಮೆತ್ತಗೆ. ತಪ್ಪು ನನ್ನ ಮಸಾಲೆಯಲ್ಲಿದೆ ಅಂತ ತಿಳಿದು ಕಾರ್ನ್‌ಫ್ಲೋರ್ ಹೆಚ್ಚಿಸಿದೆ, ಬ್ರೆಡ್ ಪುಡಿಯಲ್ಲಿ ಹೊರಳಿಸಿದೆ, ರವೆ ಹಚ್ಚಿದೆ. ರವೆ ಹಚ್ಚಿದರೆ ಗರಿ ಬರುತ್ತದೆ ನಿಜ, ಆದರೆ ಅದು ಕಟ್ಲೆಟ್ಟು. ಟಿಕ್ಕಿಯ ಗರಿ ಆಲೂಗಡ್ಡೆಯದ್ದೇ ಆಗಿರಬೇಕು. ಮಗಳು ಏರ್‌ಫ್ರೈಯರ್ ತಂದುಕೊಟ್ಟಳು, ಅದರಲ್ಲಿ ಹೊರಗೆಲ್ಲ ಒಣಗಿ ಬಿರುಕು ಬಿಟ್ಟಿತು. ತರಕಾರಿ ಹುರಿಯಲು ಅದು ಒಳ್ಳೆಯದು, ಇದಕ್ಕಲ್ಲ.

ಕಾವಲಿ ಪಳಗಿದ ಮೇಲೆ ಒಂದು ಭಾನುವಾರ ಪರೀಕ್ಷೆ ಮಾಡಿಯೇ ಬಿಟ್ಟೆ. ಒಂದೇ ಹಿಟ್ಟು, ಒಂದೇ ತೂಕದ ಉಂಡೆ, ಒಂದು ಒಲೆಯ ಮೇಲೆ ಹಳೆಯ ನಾನ್‌ಸ್ಟಿಕ್, ಪಕ್ಕದ ಒಲೆಯ ಮೇಲೆ ಬೀಡು. ಎರಡಕ್ಕೂ ಅಳೆದು ಎರಡೆರಡು ಚಮಚ ಎಣ್ಣೆ. ನಾನ್‌ಸ್ಟಿಕ್‌ನಲ್ಲಿ ಎಣ್ಣೆ ಹರಡಲೇ ಇಲ್ಲ, ಮಣಿಮಣಿಯಾಗಿ ಒಂದು ಕಡೆ ಸೇರಿಕೊಂಡಿತು. ನಾಲ್ಕು ಟಿಕ್ಕಿ ಇಟ್ಟ ಕೂಡಲೇ ಚುರ್ ಅನ್ನುವ ಸದ್ದು ಇಳಿದು, ಒಂದು ಥರ ಬೇಯುವ ಸದ್ದಾಯಿತು. ಬೀಡಿನ ಮೇಲೆ ಸದ್ದು ಇಳಿಯಲಿಲ್ಲ. ಮೂರನೆಯ ನಿಮಿಷಕ್ಕೆ ಟಿಕ್ಕಿಯ ಬುಡದ ಸುತ್ತ ಎಣ್ಣೆ ಸಣ್ಣ ನೊರೆಯಾಗಿ ಕುದಿಯತೊಡಗಿತು. ಐದನೆಯ ನಿಮಿಷಕ್ಕೆ ಅಂಚಿನಲ್ಲಿ ತೆಳುವಾದ ಕಂದು ಗೆರೆ ಕಂಡಿತು, ಸೀರೆಯ ಅಂಚಿನ ಹಾಗೆ. ಆಮೇಲೆ ನೊರೆ ತಾನಾಗಿ ಕಡಿಮೆಯಾಗುತ್ತಾ ಬಂತು, ಸದ್ದು ಕೂಡ. ಮಗುಚುವ ಕೈಯನ್ನು ಬುಡಕ್ಕೆ ತೂರಿಸಿದರೆ ಎಲ್ಲೂ ಅಂಟದೆ ಒಂದೇ ಸಲಕ್ಕೆ ಬಿಟ್ಟುಕೊಂಡಿತು. ತಿರುಗಿಸಿದರೆ ಬೆಲ್ಲದ ಬಣ್ಣ. ಬೆರಳಿನ ಉಗುರಿನಿಂದ ತಟ್ಟಿದರೆ ಟಕ್ ಅಂದಿತು. ನಮ್ಮ ಯಜಮಾನರು ಹಾಲ್‌ನಿಂದ ಎದ್ದು ಬಂದು, ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, "ಇದು ರಾಮಕೃಷ್ಣಪುರದ್ದು" ಅಂದರು. ನನಗೆ ಬೇಕಾಗಿದ್ದ ಮಾತು ಅದೇ.

ಕಾರಣ ದೊಡ್ಡದೇನಲ್ಲ. ಆಲೂಗಡ್ಡೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಹೊರಗಿನ ನೀರು ಆವಿಯಾಗಿ ಹೋಗುವ ತನಕ ಆ ಮೈ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಕಂದು ಬಣ್ಣ, ಹುರಿದ ಪರಿಮಳ, ಗರಿ ಇವೆಲ್ಲ ಚೆನ್ನಾಗಿ ಬರುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ತೆಳು ತವಾದ ಮೇಲೆ ತಣ್ಣನೆಯ ನಾಲ್ಕು ಟಿಕ್ಕಿ ಇಟ್ಟರೆ ತವಾದ ಕಾವೇ ಇಳಿದುಹೋಗುತ್ತದೆ, ನೀರು ಹೊರಟುಹೋಗುವ ಬದಲು ಅಲ್ಲೇ ಬೆವರುತ್ತಾ ಕೂರುತ್ತದೆ. ಬೀಡು ಕಾಯುವುದು ನಿಧಾನ, ಆದರೆ ಆ ಮೂರು ಕೆಜಿ ಲೋಹ ಒಮ್ಮೆ ಕಾದರೆ ಟಿಕ್ಕಿಗಳ ತಂಪಿಗೆ ಜಗ್ಗುವುದಿಲ್ಲ. ಹಾಗಂತ ನಾನ್‌ಸ್ಟಿಕ್ಕನ್ನು ಹೊಗೆಯಾಡುವ ತನಕ ಕಾಯಿಸಲು ಹೋಗಬೇಡಿ, ಅದರ ಲೇಪ ವಿಪರೀತ ಕಾವಿಗೆ ಆದದ್ದಲ್ಲ.

ಕಾವಲಿಯ ಇನ್ನೊಂದು ಗುಣ ನನಗೆ ಗೊತ್ತಾದದ್ದು ಅದರ ದೋಷದಿಂದ. ನಮ್ಮ ಗ್ಯಾಸ್ ಒಲೆಯ ಉರಿ ಆರು ಇಂಚಿಗಿಂತ ಆಚೆ ಹೋಗುವುದಿಲ್ಲ. ನಡುವೆ ಇಟ್ಟ ಟಿಕ್ಕಿ ಬೇಗ ಕೆಂಪಗಾಗುತ್ತದೆ, ಅಂಚಿನದ್ದು ಹಿಂದೆ ಬೀಳುತ್ತದೆ. ಮೊದಲ ವಾರ ಇದಕ್ಕೆ ಬೇಜಾರು ಮಾಡಿಕೊಂಡೆ. ಆಮೇಲೆ ದೆಹಲಿಯ ಗಾಡಿ ನೆನಪಾಯಿತು. ಅವರು ಮಾಡುತ್ತಿದ್ದದ್ದೇ ಅದಲ್ಲವೇ! ಈಗ ನಡುವೆ ನಾಲ್ಕು, ಅಂಚಿನಲ್ಲಿ ಆರು. ನಡುವೆ ಮಧ್ಯಮ ಉರಿಯಲ್ಲಿ ಒಂದು ಮಗ್ಗುಲು ಆರೇಳು ನಿಮಿಷ, ಇನ್ನೊಂದು ಮಗ್ಗುಲು ಐದು. ಅಲ್ಲಿಂದ ಅಂಚಿಗೆ. ಅಂಚಿನ ಹದವಾದ ಕಾವಿನಲ್ಲಿ ಒಳಗಿನ ಹೂರಣ ಬಿಸಿಯಾಗುತ್ತದೆ, ಹೊರಗಿನ ಉಳಿದ ತೇವವೂ ಹೋಗುತ್ತದೆ. ತಿನ್ನುವವರು ಬಂದು ಕೂತ ಮೇಲೆ ಮತ್ತೆ ನಡುವಿಗೆ ಎಳೆದು, ಉರಿ ಏರಿಸಿ, ಅರ್ಧ ಚಮಚ ತುಪ್ಪ ಬಿಟ್ಟು, ಒಂದೊಂದು ನಿಮಿಷ ಒತ್ತಿ ತೆಗೆಯುವುದು. ಈ ಎರಡನೆಯ ಸಲದ ಹುರಿತವೇ ಮೊಸರು ಚಟ್ನಿ ಸುರಿದರೂ ಮೆತ್ತಗಾಗದ ಗುಟ್ಟು. ಎಣ್ಣೆಗೆ ನಾನು ಕಡಲೆಕಾಯಿ ಎಣ್ಣೆ, ಪರಿಮಳಕ್ಕೆ ಕೊನೆಯಲ್ಲಿ ತುಪ್ಪ. ಬೆಣ್ಣೆ ಹಾಕಿದರೆ ಈ ಕಾವಿಗೆ ಕರಟಿ ಕಹಿಯಾಗುತ್ತದೆ.

ಹಿಟ್ಟಿನ ವಿಷಯ. 1 ಕೆಜಿ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಇಡಿಯಾಗಿ ಬೇಯಿಸುತ್ತೇನೆ. ಕತ್ತರಿಸಿ ಬೇಯಿಸಿದರೆ ನೀರು ಕುಡಿಯುತ್ತದೆ. ಬೆಂದದ್ದನ್ನು ಬಿಸಿಯಲ್ಲೇ ಸುಲಿದು, ತಟ್ಟೆಯ ಮೇಲೆ ಹರಡಿ ಹಬೆಯೆಲ್ಲ ಹೋಗಲು ಬಿಟ್ಟು, ಆಮೇಲೆ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಡುತ್ತೇನೆ. ಇದನ್ನು ಕಲಿಸಿದವರು ಕ್ವಾರ್ಟರ್ಸಿನ ಎದುರು ಮನೆಯ ಪಂಜಾಬಿ ಆಂಟಿ. ತಣಿದ ಗಡ್ಡೆಯಲ್ಲಿ ಪಿಷ್ಟ ಗಟ್ಟಿಯಾಗಿ ಕೂರುತ್ತದೆ, ಹಿಟ್ಟು ಗೋಂದಿನಂತೆ ಅಂಟುವುದಿಲ್ಲ. ಮರುದಿನ ತುರಿಯುವ ಮಣೆಯಲ್ಲಿ ತುರಿಯಬೇಕು. ಕೈಯಿಂದ ಕಿವುಚಿದರೆ ಗಂಟು ಉಳಿಯುತ್ತದೆ, ಮಿಕ್ಸಿಗಂತೂ ಹಾಕಲೇಬಾರದು. ಬೆಸೆಯಲು ಕಾರ್ನ್‌ಫ್ಲೋರ್ ಮೂರು ಚಮಚ, ಜೊತೆಗೆ ಒಂದು ಹಿಡಿ ಪೇಪರ್ ಅವಲಕ್ಕಿಯನ್ನು ಒಣದಾಗಿಯೇ ಪುಡಿ ಮಾಡಿ ಹಾಕುವುದು. ಅವಲಕ್ಕಿ ನನ್ನ ಸೇರ್ಪಡೆ. ಹಿಟ್ಟಿನ ತೇವವನ್ನು ಅದು ಹೀರಿಕೊಂಡು ಕೂರುತ್ತದೆ, ಬ್ರೆಡ್ಡಿನ ಹಾಗೆ ಸಿಹಿ ಬಿಡುವುದಿಲ್ಲ.

ಮಸಾಲೆಗೆ ಹುರಿದು ಕುಟ್ಟಿದ ಜೀರಿಗೆ ಒಂದು ಚಮಚ, ಕುಟ್ಟಿದ ಧನಿಯಾ ಒಂದು ಚಮಚ, ಬ್ಯಾಡಗಿ ಖಾರದ ಪುಡಿ, ಓಮದ ಕಾಳು ಕಾಲು ಚಮಚ ಅಂಗೈಯಲ್ಲಿ ಉಜ್ಜಿ, ಆಮ್‌ಚೂರ್ (ಒಣ ಮಾವಿನಕಾಯಿಯ ಹುಳಿ ಪುಡಿ), ಕಪ್ಪು ಉಪ್ಪು, ಸಣ್ಣಗೆ ಕೊಚ್ಚಿದ ಶುಂಠಿ ಹಸಿಮೆಣಸು. ಈರುಳ್ಳಿ ಬೇಡ. ಈರುಳ್ಳಿ ನೀರು ಬಿಟ್ಟು ಎಲ್ಲವನ್ನೂ ಕೆಡಿಸುತ್ತದೆ, ಬೇಕಾದವರು ಮೇಲೆ ಉದುರಿಸಿಕೊಳ್ಳಲಿ. ಕೊತ್ತಂಬರಿ ಸೊಪ್ಪನ್ನು ತೊಳೆದು ಬಟ್ಟೆಯ ಮೇಲೆ ಪೂರ್ತಿ ಆರಿಸಿ ಹಾಕಬೇಕು. ಉಪ್ಪನ್ನು ತಟ್ಟುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಹಿಟ್ಟು ಸಡಿಲವಾಗುತ್ತದೆ. ಒಳಗಿನ ಹೂರಣಕ್ಕೆ ಕಡಲೇಬೇಳೆ. ಎರಡು ಗಂಟೆ ನೆನೆಸಿ, ಬೆರಳಲ್ಲಿ ಒತ್ತಿದರೆ ಮುರಿಯುವಷ್ಟು ಮಾತ್ರ ಬೇಯಿಸಿ, ನೀರು ಬಸಿದು, ಇಂಗು ಗರಂ ಮಸಾಲೆಯಲ್ಲಿ ಬಾಡಿಸಿದ್ದು. ಹೋಳಿಗೆಯ ಕಣಕಕ್ಕೆ ಹೂರಣ ತುಂಬಿ ರೂಢಿಯಿರುವ ಕೈಗೆ ಇದೇನೂ ಹೊಸದಲ್ಲ. 80 ಗ್ರಾಂ ಉಂಡೆ, ಒಳಗೆ ಒಂದು ಚಮಚ ಹೂರಣ, ಮುಚ್ಚಿ ಮುಕ್ಕಾಲು ಇಂಚು ದಪ್ಪಕ್ಕೆ ತಟ್ಟುವುದು. ಅಂಚು ಒಡೆದಿದ್ದರೆ ಎಣ್ಣೆ ಸವರಿದ ಬೆರಳಿನಿಂದ ನುಣುಪು ಮಾಡಿ, ಇಲ್ಲದಿದ್ದರೆ ಹೂರಣ ಹೊರಬಂದು ಕಾವಲಿಗೆ ಹತ್ತುತ್ತದೆ.

ಇನ್ನು ಕಾವಲಿಯ ಕಷ್ಟಗಳು. ಭಾರ ಮೊದಲನೆಯದು. ನನ್ನ ಬಲಗೈ ಮಣಿಕಟ್ಟಿನಲ್ಲಿ ನೋವಿದೆ, ಎರಡೂ ಕೈ ಕೊಡದೆ ಎತ್ತಲು ಆಗುವುದಿಲ್ಲ. ಎತ್ತರದ ಕಪಾಟಿನಲ್ಲಿ ಇಡುವ ಯೋಚನೆ ಬೇಡವೇ ಬೇಡ. ನಮ್ಮನೆಯಲ್ಲಿ ಅದು ಒಲೆಯ ಮೇಲೇ ಇರುತ್ತದೆ. ಕಿವಿಗಳು ಕೂಡ ಬೀಡೇ, ಕಾವಲಿಯಷ್ಟೇ ಸುಡುತ್ತವೆ. ಹಳೆಯ ಜೀನ್ಸ್ ಬಟ್ಟೆಯಲ್ಲಿ ಎರಡು ದಪ್ಪ ಹಿಡಿಬಟ್ಟೆ ಹೊಲಿದುಕೊಂಡಿದ್ದೇನೆ. ಕಾಯಲು ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬೇಕು, ಅವಸರಕ್ಕೆ ದೊಡ್ಡ ಉರಿ ಕೊಟ್ಟರೆ ನಡುವೆ ಮಾತ್ರ ಕಾದು ಮೊದಲ ನಾಲ್ಕು ಹೊತ್ತಿಹೋಗುತ್ತವೆ. ಇಂಡಕ್ಷನ್ ಮೇಲೆ ಕೆಲಸ ಮಾಡುತ್ತದೆ, ಆದರೆ ನಮ್ಮ ಇಂಡಕ್ಷನ್ನಿನ ಸುರುಳಿ ಚಿಕ್ಕದು, ಅಂಚು ಗ್ಯಾಸಿಗಿಂತಲೂ ತಣ್ಣಗಿರುತ್ತದೆ. ಗಾಜಿನ ಮೇಲೆ ಎಳೆದಾಡಬಾರದು, ಗೀರು ಬೀಳುತ್ತದೆ.

ಪಳಗಿಸುವುದಕ್ಕೆ ಐದು ದಿನ ಹಿಡಿಯಿತು. ಅಂಗಡಿಯ ಹಿರಿಯರು ಹೇಳಿದ ಕ್ರಮ ಇದು: "ಮೂರು ದಿವಸ ಗಂಜಿ ನೀರು ಹಾಕಿಡಿ ಅಮ್ಮ, ದಿನಾ ಬದಲಾಯಿಸಿ. ಆಮೇಲೆ ಒಣಗಿಸಿ, ಹರಳೆಣ್ಣೆ ತೆಳ್ಳಗೆ ಹಚ್ಚಿ ಕಾಯಿಸಿ, ಆರಿಸಿ. ದಪ್ಪ ಹಚ್ಚಿದ್ರೆ ಜಿಗಟು ಕೂತ್ಕೊಳುತ್ತೆ." ಕೊನೆಯ ಮಾತನ್ನು ನಾನು ಅರ್ಧ ಕೇಳಿಸಿಕೊಂಡಿದ್ದೆ ಅಂತ ಕಾಣುತ್ತದೆ. ಮೊದಲ ಸಲ ಎಣ್ಣೆ ಹೆಚ್ಚಾಗಿ ಕಾವಲಿಯೆಲ್ಲ ಅಂಟಂಟು, ತೆಂಗಿನ ನಾರು ಹಾಕಿ ಉಜ್ಜಿ ಮತ್ತೆ ಶುರು ಮಾಡಬೇಕಾಯಿತು. ಎಣ್ಣೆ ಹಚ್ಚಿ, ಆಮೇಲೆ ಒಣ ಬಟ್ಟೆಯಲ್ಲಿ ಹಚ್ಚಿದ್ದೇ ಸುಳ್ಳು ಅನ್ನುವ ಹಾಗೆ ಒರೆಸಿ, ಸಣ್ಣಗೆ ಹೊಗೆಯಾಡುವ ತನಕ ಕಾಯಿಸಬೇಕು. ಹೀಗೆ ನಾಲ್ಕೈದು ಸಲ. ಕಾವಿಗೆ ಎಣ್ಣೆಯೇ ಗಟ್ಟಿ ಪೊರೆಯಾಗಿ ಬೀಡಿಗೆ ಕಚ್ಚಿಕೊಳ್ಳುತ್ತದೆ, ಅಂಟದಿರುವುದು ಆ ಪೊರೆಯ ಗುಣ. ಆಮೇಲೆ ಒಂದು ವಾರ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜುತ್ತಾ ಬರೀ ಚಪಾತಿ, ಈರುಳ್ಳಿ ಹುರಿತ. ಮೊದಲ ಎರಡು ಸಲದ ಟಿಕ್ಕಿ ಅಂಟಿದವು, ಮೂರನೆಯ ಸಲ ಒಂದೂ ಅಂಟಲಿಲ್ಲ.

ಇದರ ಮೇಲೆ ಹುಳಿ ಪದಾರ್ಥ ಬೇಯಿಸಬೇಡಿ. ಹಿಟ್ಟಿನೊಳಗಿನ ಆಮ್‌ಚೂರಿನಿಂದ ಏನೂ ಆಗುವುದಿಲ್ಲ. ಆದರೆ ಮೇ ತಿಂಗಳಲ್ಲಿ ಮನೆಗೆ ಬಂದಿದ್ದ ನೆಂಟರೊಬ್ಬರು ಸಹಾಯ ಮಾಡುವ ಮನಸ್ಸಿನಿಂದ ಹುಣಸೆ ಚಟ್ನಿಯನ್ನು ಬಿಸಿ ಕಾವಲಿಯ ಮೇಲೇ ಟಿಕ್ಕಿಗಳಿಗೆ ಸುರಿದುಬಿಟ್ಟರು. ಅಂಗೈಯಗಲ ಪೊರೆ ಕಿತ್ತು ಬಂತು, ಚಟ್ನಿಗೆ ಕಬ್ಬಿಣದ ವಾಸನೆ. ಆ ಜಾಗ ಮತ್ತೆ ಕಪ್ಪಾಗಲು ಹದಿನೈದು ದಿನ ಬೇಕಾಯಿತು. ತೊಳೆದ ಕೂಡಲೇ ಒಲೆಯ ಮೇಲಿಟ್ಟು ಒಣಗಿಸಿ ಎಣ್ಣೆ ಕೈ ಸವರದಿದ್ದರೆ ಮರುದಿನವೇ ತುಕ್ಕು. ಮಳೆಗಾಲದಲ್ಲಿ ಒಂದು ದಿನ ಮರೆತು ಇದನ್ನೂ ನೋಡಿದೆ.

ಕಾವಲಿ ಬಂದ ಮೇಲೆ ನನ್ನ ಗಮನ ಆಲೂಗಡ್ಡೆಯ ಕಡೆ ತಿರುಗಿತು. ತವಾ ಸರಿಯಿಲ್ಲದಾಗ ಗಡ್ಡೆಯ ವ್ಯತ್ಯಾಸ ಕಾಣುತ್ತಿರಲಿಲ್ಲ, ಈಗ ಚೆನ್ನಾಗಿ ಕಾಣುತ್ತದೆ. ಮಾರ್ಚ್‌ನಲ್ಲಿ ಉತ್ತರದ ಕಡೆಯ ಹೊಸ ಬೆಳೆ ಬಂತು, ಅಂಗಡಿಯವರು ಆಗ್ರಾ ಅನ್ನುತ್ತಾರೆ. ಟಿಕ್ಕಿ ಚೆನ್ನಾಗಿ ಬಂತು. ಜೂನ್ ಹೊತ್ತಿಗೆ ಸಿಗುತ್ತಿದ್ದದ್ದು ಶೀತಲಗೃಹದಿಂದ ತೆಗೆದ ಗಡ್ಡೆ. ಹಿಟ್ಟು ತುಸು ಸಿಹಿ, ಮೂರೇ ನಿಮಿಷಕ್ಕೆ ಕಪ್ಪು ಮಚ್ಚೆ, ಗರಿ ಮಾತ್ರ ಇಲ್ಲ. ಬಹಳ ತಂಪಿನಲ್ಲಿಟ್ಟ ಹಸಿ ಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗುತ್ತದೆ, ಸಕ್ಕರೆ ಬೇಗ ಸೀಯುತ್ತದೆ. ಅಂಥದ್ದನ್ನು ತಂದು ಎರಡು ವಾರ ಮನೆಯ ಕತ್ತಲೆ ಮೂಲೆಯಲ್ಲಿ ಬುಟ್ಟಿಯಲ್ಲಿಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಇದೇ ಕಾರಣಕ್ಕೆ ಹಸಿ ಆಲೂಗಡ್ಡೆಯನ್ನು ನಾನು ಈಗ ಫ್ರಿಜ್ಜಿಗೆ ಇಡುವುದಿಲ್ಲ, ಬೆಂದದ್ದನ್ನು ಮಾತ್ರ ಇಡುತ್ತೇನೆ.

ಆಗಸ್ಟ್ ಕೊನೆಯಲ್ಲಿ ಹಾಸನದ ಗಡ್ಡೆ ಬಂತು. ನನ್ನ ತವರು ಹಾಸನದ ಹತ್ತಿರ. ಅಲ್ಲಿ ಮುಂಗಾರಿಗೆ ಬಿತ್ತುವುದು ಹೆಚ್ಚಾಗಿ ಕುಫ್ರಿ ಜ್ಯೋತಿ ತಳಿ, ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಮಳೆ ಹಿಡಿದು ಅಂಗಮಾರಿ ರೋಗ ಬಿದ್ದರೆ ಹೊಲಕ್ಕೆ ಹೊಲವೇ ಕರಗಿಹೋಗುವುದನ್ನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಅದನ್ನು ದಾಟಿ ಅಣ್ಣ ಕಳಿಸಿದ ಅರ್ಧ ಮೂಟೆ ಗಡ್ಡೆಯಲ್ಲಿ ಟಿಕ್ಕಿ ಕೆಟ್ಟರೆ ನನಗೆ ಸಮಾಧಾನವಿಲ್ಲ. ಮೊದಲ ಸಲ ಕೆಟ್ಟಿತು. ಹಿಟ್ಟು ತೇವ, ಕಾರ್ನ್‌ಫ್ಲೋರ್ ಎಷ್ಟು ಹಾಕಿದರೂ ಕೈಗೆ ಅಂಟು. ಫೋನ್ ಮಾಡಿದರೆ ಅಣ್ಣ ಹೇಳಿದರು: "ಸಿಪ್ಪೆ ಬೆರಳಲ್ಲಿ ಉಜ್ಜಿದ್ರೆ ಬರ್ತದಾ? ಹಂಗಾದ್ರೆ ಇನ್ನೂ ಎಳೇದು ಕಣಮ್ಮ. ಗೋಣಿಚೀಲದ ಮೇಲೆ ಹರಡಿ, ಕತ್ಲಲ್ಲಿ ಹದಿನೈದು ದಿನ ಬಿಡು." ಬಿಟ್ಟೆ. ಹೋದ ಭಾನುವಾರ ಅದೇ ಗಡ್ಡೆಯಲ್ಲಿ ಮಾಡಿದ್ದು ಈ ಎಂಟು ತಿಂಗಳಲ್ಲೇ ಒಳ್ಳೆಯ ಟಿಕ್ಕಿ. ಹೊರಗೆ ಟಕ್ ಅನ್ನುವ ಪದರ, ಒಳಗೆ ಬೆಣ್ಣೆಯಂಥ ಆಲೂಗಡ್ಡೆ, ನಡುವೆ ಬೇಳೆ. ಆಗ್ರಾ ಗಡ್ಡೆಗೆ ಈ ರುಚಿ ಇಲ್ಲ ಅಂತ ತವರಿನ ಅಭಿಮಾನ ಬಿಟ್ಟೇ ಹೇಳುತ್ತೇನೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಕಿವಿಗಳಿಗೆ, ಎರಡು ಬೆರಳು ಮಾತ್ರ ತೂರುವಷ್ಟು ಚಿಕ್ಕವು, ಅಷ್ಟು ಭಾರಕ್ಕೆ ಸಾಲದು. ಒಂಟಿಯಾಗಿರುವವರಿಗೆ, ಕೈ ನೋವಿರುವ ವಯಸ್ಸಾದವರಿಗೆ 10 ಇಂಚಿನದು ಸಾಕು. ದಿನಾ ಒರೆಸಿ ಎಣ್ಣೆ ಹಚ್ಚುವ ತಾಳ್ಮೆ ಇಲ್ಲದಿದ್ದರೆ ತರಬೇಡಿ, ತುಕ್ಕು ಹಿಡಿಸಿ ಮೂಲೆಗೆ ಹಾಕುವುದನ್ನು ನೋಡಲು ಸಂಕಟವಾಗುತ್ತದೆ.

ಕೊಳ್ಳುವಾಗ ಸಾಧ್ಯವಾದರೆ ಅಂಗಡಿಗೆ ಹೋಗಿ, ಮುಟ್ಟಿ ನೋಡಿ. ಇದಕ್ಕೂ ಮೊದಲು ನಾನು ಮನೆಯಲ್ಲೇ ಕೂತು ಮೊಬೈಲಿನಲ್ಲಿ ಒಂದು ತರಿಸಿದ್ದೆ. ಮೇಲೆ ಕಾಗದದ ಪೆಟ್ಟಿಗೆ ಬಿಟ್ಟರೆ ಬೇರೇನೂ ರಕ್ಷಣೆಯಿಲ್ಲದೆ ಬಂದು, ಅಂಚಿನ ಒಂದು ಚೂರು ಒಡೆದಿತ್ತು. ಬೀಡು ತಗಡಿನ ಕಾವಲಿಯಂತೆ ಬಾಗುವುದಿಲ್ಲ, ಇಂಗಾಲ ಹೆಚ್ಚಿರುವ ಲೋಹ, ಬಿದ್ದರೆ ಒಡೆಯುತ್ತದೆ. ವಾಪಸು ಕಳಿಸಿ ಹಣ ಬರಲು ಮೂರು ವಾರ, ಆರು ಫೋನು. ಸಂತೇಪೇಟೆಯ ಹಿರಿಯರು ಒಂದರ ಮೇಲೊಂದು ಪೇರಿಸಿದ್ದ ರಾಶಿಯಿಂದ ನಾಲ್ಕು ಕಾವಲಿ ಇಳಿಸಿದರು. ಒಂದೊಂದನ್ನೂ ಕಿವಿ ಹಿಡಿದು ನೇತಾಡಿಸಿ, ಬೆರಳ ಗೆಣ್ಣಿನಿಂದ ತಟ್ಟಿದರು. ಮೂರು ಗಂಟೆಯಂತೆ ಣಂ ಅಂದವು. ನಾಲ್ಕನೆಯದು ಮಡಕೆಯಂತೆ ದಡ್ ಅಂದಿತು. ಕಣ್ಣಿಗೆ ಏನೂ ಕಾಣಲಿಲ್ಲ. "ಒಳಗೆ ಬಿರುಕಿದೆ ಅಮ್ಮ" ಅಂತ ಅದನ್ನು ಪಕ್ಕಕ್ಕಿಟ್ಟರು. ಉಳಿದ ಮೂರರ ನಡುವೆ ಒಂದೊಂದು ಲೋಟ ನೀರು ಸುರಿದು, ನೀರು ಒಂದು ಕಡೆಗೆ ಓಡದೆ ಸಮನಾಗಿ ನಿಂತದ್ದನ್ನು ಒರೆಸಿ ಕಾಗದ ಸುತ್ತಿ ಕೊಟ್ಟರು.